ಕಡಲಾಚೆಯ ಬೀಗರೂ ರಹದಾರಿಯ ವಿಧಿಯೂ

2025ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಫಿಲಿಪೈನ್ಸ್ ಗಣರಾಜ್ಯದ ಅಧ್ಯಕ್ಷರಾದ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಅವರು ನಮ್ಮ ದೇಶಕ್ಕೆ ರಾಜ್ಯಾತಿಥಿಗಳಾಗಿ ಬಂದು, ದಿಲ್ಲಿಯ ಮಾತುಕತೆಗಳ ತರುವಾಯ ಬೆಂಗಳೂರನ್ನೂ ಸಂದರ್ಶಿಸಿ ಹಿಂದಿರುಗಿದುದು ವಾಚಕರ ಸ್ಮರಣೆಯಲ್ಲಿರಬಹುದು. ಆ ಸಂದರ್ಭದಲ್ಲಿ ಉಭಯ ದೇಶಗಳ ನೌಕಾಬಲದ ವಿಷಯವಾಗಿಯೂ, ನಾವು ಅವರಿಗೆ ಮಾರಿದ ಬ್ರಹ್ಮೋಸ್ ಅಸ್ತ್ರಗಳ ವಿಷಯವಾಗಿಯೂ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯಿತು. ಆದರೆ ಅದೇ ಘೋಷಣೆಗಳ ನಡುವೆ ಅಡಗಿದ್ದ ಒಂದು ಚಿಕ್ಕ ಸಂಗತಿಯ ಕಡೆಗೆ ಬಹು ಜನರ ಲಕ್ಷ್ಯ ಹರಿಯಲಿಲ್ಲ. ಫಿಲಿಪೈನ್ಸ್ ಪ್ರಜೆಗಳಿಗೆ ಆ ತಿಂಗಳಿನಿಂದ ಒಂದು ವರ್ಷದ ಕಾಲ ಯಾವ ಶುಲ್ಕವನ್ನೂ ತೆಗೆದುಕೊಳ್ಳದೆ ಇ-ಪ್ರವಾಸಿ ವೀಸಾ ಕೊಡುವುದಾಗಿ ಭಾರತ ಸರ್ಕಾರದವರು ಸಾರಿದರು. ಅದಕ್ಕೆ ಎರಡು ತಿಂಗಳು ಮುಂಚೆಯೇ, ಅಂದರೆ 2025ರ ಜೂನ್‌ನಲ್ಲಿ, ಫಿಲಿಪೈನ್ಸ್ ಸರ್ಕಾರವು ಭಾರತದ ಪ್ರವಾಸಿಗಳನ್ನು 14 ದಿನಗಳ ಮಟ್ಟಿಗೆ ವೀಸಾ ಇಲ್ಲದೆಯೇ ಬರಮಾಡಿಕೊಳ್ಳುವ ಏರ್ಪಾಡನ್ನು ಜಾರಿಗೆ ತಂದಿತ್ತು. ಅಕ್ಟೋಬರ್ 1ರಂದು ದಿಲ್ಲಿಗೂ ಮನಿಲಾಕ್ಕೂ ಏರ್ ಇಂಡಿಯಾದ ನೇರ ವಿಮಾನವೂ ಆರಂಭವಾಯಿತು.

ಮನಿಲಾದ ಪ್ರಜೆಗೆ ದಿಲ್ಲಿಯವರು ಕೊಡುವ ಸವಲತ್ತಿಗೂ ನಮ್ಮ ಪಾಂಡವಪುರ ಉಪವಿಭಾಗದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಸಂಬಂಧವುಂಟು, ಅದು ಬೀಗತನದ ಸಂಬಂಧ. ಕಾವೇರಿ ನಾಲೆಯ ನೀರಿನಲ್ಲಿ ಬೆಳೆದ ಹುಡುಗರು ಇಂದು ದುಬೈ, ದೋಹಾ, ಸಿಂಗಾಪುರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಫಿಲಿಪೈನ್ಸ್ ದೇಶವೋ ದಾದಿಯರನ್ನೂ ನಾವಿಕರನ್ನೂ ಜಗತ್ತಿಗೆಲ್ಲ ಕಳುಹಿಸುವ ದೇಶ. ಒಂದೇ ಆಸ್ಪತ್ರೆಯಲ್ಲಿ, ಒಂದೇ ಹಡಗಿನಲ್ಲಿ, ಒಂದೇ ಕಚೇರಿಯಲ್ಲಿ ದುಡಿಯುವವರ ನಡುವೆ ಸ್ನೇಹ ಬೆಳೆದು ವಿವಾಹವಾಗುವುದು ಅಸಂಭಾವ್ಯವೇನೂ ಅಲ್ಲ. ಕೃಷ್ಣರಾಜಪೇಟೆಯ ಕಡೆಯ ಹುಡುಗನೊಬ್ಬ ಹೀಗೆ ಫಿಲಿಪೈನ್ಸ್‌ನ ಹೆಣ್ಣನ್ನು ಮದುವೆಯಾಗಿ ಊರಿಗೆ ಕರೆತಂದನೆಂದೂ, ಆಕೆ ಗರ್ಭಿಣಿಯೆಂದೂ ಇಟ್ಟುಕೊಳ್ಳೋಣ. ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮಲ್ಲಿನ ರೂಢಿ. ತವರು ಸಮುದ್ರದಾಚೆ ಇದ್ದರೆ ತಾಯಿಯೇ ಬರಬೇಕು. ಆ ತಾಯಿಯನ್ನು ಕರೆಸಿಕೊಳ್ಳುವ ವಿಧಿ ಏನು, ಅದರಲ್ಲಿ ಬೀಗರ ಹೊಣೆಯೆಷ್ಟು, ಸರ್ಕಾರದ ಹೊಣೆಯೆಷ್ಟು ಎಂಬುದನ್ನೇ ನಾವಿಲ್ಲಿ ವಿಮರ್ಶಿಸಬಯಸುತ್ತೇವೆ.

ಪರದೇಶದವರು ಈ ನೆಲಕ್ಕೆ ಹೊಸಬರಲ್ಲ. ಇಂದಿನ ಪಾಂಡವಪುರಕ್ಕೆ ಆಂಗ್ಲರ ಕಾಗದಪತ್ರಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿದ್ದುದು ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದ ಕಾರಣದಿಂದ. ಅತ್ತ, 1762ರಲ್ಲಿ ಆಂಗ್ಲರು ಮದರಾಸಿನಿಂದ ದಂಡೆತ್ತಿ ಹೋಗಿ ಮನಿಲಾ ನಗರವನ್ನು ಹಿಡಿದಾಗ ಅವರೊಡನೆ ಹೋದ ದಕ್ಷಿಣ ಭಾರತದ ಸಿಪಾಯಿಗಳಲ್ಲಿ ಕೆಲವರು ಹಿಂದಿರುಗದೆ, ಮನಿಲಾದ ಬಳಿಯ ಕಾಯಿಂತಾ ಎಂಬ ಊರಿನಲ್ಲಿ ಅಲ್ಲಿನ ಹೆಣ್ಣುಗಳನ್ನು ಮದುವೆಯಾಗಿ ನೆಲಸಿದರು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ಇನ್ನು ಹೊಟ್ಟೆಯ ಮಾತಿಗೆ ಬಂದರೆ, ನಮ್ಮ ಕಾವೇರಿ ಅಚ್ಚುಕಟ್ಟಿನ ರೈತರಿಗೆ ಚಿರಪರಿಚಿತವಾದ ಐ.ಆರ್. 64 ಭತ್ತವು ಫಿಲಿಪೈನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ತಳಿ. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಮ್ಯಾಗ್ಸೇಸೆ ಪ್ರಶಸ್ತಿಯು ಆ ದೇಶದ ಅಧ್ಯಕ್ಷರೊಬ್ಬರ ಹೆಸರಿನದು. ಭಾರತಕ್ಕೂ ಫಿಲಿಪೈನ್ಸಿಗೂ ರಾಯಭಾರ ಸಂಬಂಧ ಏರ್ಪಟ್ಟುದು 1949ರ ನವೆಂಬರ್ 26ರಂದು. ನಮ್ಮ ರಾಜ್ಯಾಂಗವು ಅಂಗೀಕೃತವಾದ ದಿನವೂ ಅದೇ. ಸಿಪಾಯಿಯೂ ಬೀಜವೂ ದಾಟಿದ ಕಡಲನ್ನು ಇಂದು ಅತ್ತೆಯೊಬ್ಬಳು ದಾಟಬೇಕಾದರೆ ಕಾಗದ ಬೇಕು. ಬೇಕಾದುದು ನ್ಯಾಯವೇ. ಆದರೆ ಆ ಕಾಗದದ ಮರ್ಮವನ್ನು ಕರೆಸಿಕೊಳ್ಳುವ ಮನೆಯವರು ತಿಳಿದಿರಬೇಕು.

ಮೊದಲನೆಯದಾಗಿ ಗ್ರಹಿಸಬೇಕಾದುದೇನೆಂದರೆ, ನಮ್ಮ ವೀಸಾ ವಿಧಿಗಳಲ್ಲಿ ‘ಬೀಗರು’ ಎಂಬ ವರ್ಗವಿಲ್ಲ. ಭಾರತದ ಪ್ರಜೆಯನ್ನು ಕೈಹಿಡಿದವಳಿಗೆ ಮಾರ್ಗವುಂಟು. ವಿವಾಹವು ನೋಂದಣಿಯಾಗಿ ಎರಡು ವರ್ಷ ಅವಿಚ್ಛಿನ್ನವಾಗಿ ನಡೆದುಬಂದಿದ್ದರೆ ಆಕೆ ಸಾಗರೋತ್ತರ ಭಾರತೀಯ ಪ್ರಜೆಯೆಂಬ ಕಾರ್ಡಿಗೆ ಅರ್ಜಿ ಹಾಕಿಕೊಳ್ಳಬಹುದು. ಆದರೆ ಆಕೆಯ ತಾಯಿಗಾಗಲಿ ತಂಗಿಗಾಗಲಿ ಮದುವೆಯ ಮೂಲಕ ಯಾವ ಹಕ್ಕೂ ಬರುವುದಿಲ್ಲ. ಕಾನೂನಿನ ಕಣ್ಣಿಗೆ ಅತ್ತೆಯೂ ಪ್ರವಾಸಿ. ರಂಗನತಿಟ್ಟಿನ ಹಕ್ಕಿಗಳನ್ನೂ ದರಿಯಾ ದೌಲತ್ತಿನ ಚಿತ್ರಗಳನ್ನೂ ನೋಡಿಹೋಗಲು ಬರುವ ಅಪರಿಚಿತನೂ ಪ್ರವಾಸಿ. ಇದರಿಂದ ಖೇದಪಡಬೇಕಾದುದಿಲ್ಲ. ಪ್ರವಾಸಿ ವೀಸಾದ ಉದ್ದೇಶಗಳಲ್ಲಿ ಬಂಧುಮಿತ್ರರ ಭೇಟಿಯೂ ಸ್ಪಷ್ಟವಾಗಿ ಸೇರಿದೆ. ಆದಕಾರಣ ‘ಮಗಳನ್ನು ನೋಡಲು ಬರುತ್ತೇನೆ’ ಎಂದು ಅರ್ಜಿಯಲ್ಲಿ ಬರೆಯುವುದಕ್ಕೆ ಅಂಜಬೇಕಾದ ಕಾರಣವೇ ಇಲ್ಲ. ಬಂದವರು ಸಂಬಳಕ್ಕೆ ದುಡಿಯಕೂಡದು, ವ್ಯಾಪಾರ ನಡೆಸಕೂಡದು, ಧರ್ಮಪ್ರಚಾರಕ್ಕೆ ತೊಡಗಕೂಡದು. ಇಗರ್ಜಿಗೆ ಹೋಗಿ ಪ್ರಾರ್ಥಿಸುವುದಕ್ಕಾಗಲಿ, ಮೇಲುಕೋಟೆಯ ಬೆಟ್ಟ ಹತ್ತಿ ವೈರಮುಡಿ ನೋಡುವುದಕ್ಕಾಗಲಿ ಯಾರ ಅಡ್ಡಿಯೂ ಇಲ್ಲ. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದೇ ಉದ್ದೇಶವಾದರೆ ಅದಕ್ಕೆ ವೈದ್ಯಕೀಯ ವೀಸಾ ಬೇರೆ, ಅಲ್ಲಿನ ಕಾಲೇಜಿನಲ್ಲಿ ಓದುವುದಕ್ಕೆ ವಿದ್ಯಾರ್ಥಿ ವೀಸಾ ಬೇರೆ. ಒಂದರ ಹೆಸರಿನಲ್ಲಿ ಬಂದು ಇನ್ನೊಂದನ್ನು ಮಾಡುವುದು ಸಲ್ಲದು.

ಎರಡನೆಯದು ಅವಧಿಯ ಪ್ರಶ್ನೆ. ಇ-ಪ್ರವಾಸಿ ವೀಸಾಗಳಲ್ಲಿ 30 ದಿನಗಳದು, ಒಂದು ವರ್ಷದ್ದು, ಐದು ವರ್ಷದ್ದು ಎಂದು ಮೂರು ಬಗೆ. ಬಾಣಂತನವೆಂದರೆ ನಮ್ಮ ಕಡೆ ಕಡಮೆಯೆಂದರೂ ಮೂರು ತಿಂಗಳು. ಸುಲಭವೆಂದು 30 ದಿನಗಳ ವೀಸಾ ತೆಗೆದುಕೊಂಡು ಬಂದ ತಾಯಿ, ಮಗುವಿನ ನಾಮಕರಣವಾಗುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇ-ವೀಸಾವನ್ನು ಇಲ್ಲಿಗೆ ಬಂದ ಮೇಲೆ ವಿಸ್ತರಿಸುವಂತೆಯೂ ಇಲ್ಲ, ಬೇರೊಂದು ಬಗೆಗೆ ಪರಿವರ್ತಿಸುವಂತೆಯೂ ಇಲ್ಲ. ಹೆರಿಗೆಯ ದಿನವನ್ನು ವೈದ್ಯರು ಮುಂಚಿತವಾಗಿ ಹೇಳಿರುತ್ತಾರೆ; ಅದನ್ನು ನೋಡಿಕೊಂಡು ಯಾವ ಅವಧಿಯ ಅನುಮತಿ ಬೇಕೆಂಬುದನ್ನು ಮೊದಲೇ ತೀರ್ಮಾನಿಸಿ, ಒಂದು ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬ ಷರತ್ತನ್ನು ಓದಿ, ಆಮೇಲೆ ಅರ್ಜಿ ಹಾಕುವುದು ವಿವೇಕ. ಶುಲ್ಕದ ರಿಯಾಯಿತಿಯು ಯಾವ ಅವಧಿಯ ವೀಸಾಕ್ಕೆ ಅನ್ವಯಿಸುತ್ತದೆ, ಅರ್ಜಿಯ ದಿನ ಅದು ಚಾಲ್ತಿಯಲ್ಲಿದೆಯೇ ಎಂಬುದನ್ನೂ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಬೇಕು. ನಾಲ್ಕು ಕಾಸು ಉಳಿಸಲು ಹೋಗಿ ಎರಡು ತಿಂಗಳ ಆಸರೆಯನ್ನು ಕಳೆದುಕೊಳ್ಳುವುದು ಜಾಣತನವಾಗದು.

ಮೂರನೆಯದು ಹೆಸರಿನ ತೊಡಕು. ಇದು ಕ್ಷುಲ್ಲಕವೆಂದು ತೋರಿದರೂ ಅರ್ಜಿಗಳು ಕೆಡುವುದು ಇಂತಹ ಕಡೆಗಳಲ್ಲಿಯೇ. ಫಿಲಿಪೈನ್ಸ್‌ನಲ್ಲಿ ಒಬ್ಬರ ನಡುವಣ ಹೆಸರೆಂದರೆ ತಾಯಿಯ ತವರುಮನೆಯ ಹೆಸರು. ಹೆಣ್ಣು ಮದುವೆಯಾಗಿ ಗಂಡನ ಮನೆತನದ ಹೆಸರನ್ನು ಧರಿಸಿದಾಗ ಅವಳ ತವರಿನ ಹೆಸರು ನಡುವಿಗೆ ಸರಿಯುತ್ತದೆ. ಆದ್ದರಿಂದ ತಾಯಿ, ಮದುವೆಯಾದ ಮಗಳು, ಮದುವೆಯಾಗದ ಮಗಳು ಈ ಮೂವರ ಹೆಸರುಗಳು ಮೂರು ರೀತಿಯಾಗಿ ಕಾಣುವುವು. ನಮ್ಮಲ್ಲಾದರೋ ಮನೆತನದ ಹೆಸರೇ ಇಲ್ಲದೆ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದೆ ಇಟ್ಟುಕೊಳ್ಳುವ ಪದ್ಧತಿ. ಈ ಎರಡು ಪದ್ಧತಿಗಳೂ ಒಂದೇ ಅರ್ಜಿಯಲ್ಲಿ ಕೂಡಿದಾಗ ಗೊಂದಲವಾಗುವುದರಲ್ಲಿ ಆಶ್ಚರ್ಯವಿಲ್ಲ. ಪರಿಹಾರ ಸರಳವಾದುದು. ಅರ್ಜಿದಾರರ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಇರಬೇಕು. ಮದುವೆಗೆ ಮುಂಚಿನ ಹೆಸರು ಬೇರೆಯಾಗಿದ್ದರೆ ಅದಕ್ಕೆಂದೇ ಇರುವ ಅಂಕಣದಲ್ಲಿ ಬರೆಯಬೇಕು. ಇಲ್ಲಿನ ಅಳಿಯನ ಹೆಸರೂ ಅವನ ಸ್ವಂತ ದಾಖಲೆಯಲ್ಲಿದ್ದಂತೆ ಇರಬೇಕು. ಪಾಸ್‌ಪೋರ್ಟಿಗೆ ಬರುವ ದಿನದಿಂದ ಕನಿಷ್ಠ ಆರು ತಿಂಗಳ ಆಯುಸ್ಸೂ ಎರಡು ಖಾಲಿ ಪುಟಗಳೂ ಇರತಕ್ಕದ್ದು. ಮುಖ ಸ್ಪಷ್ಟವಾಗಿ ಕಾಣುವ, ತಿಳಿ ಹಿನ್ನೆಲೆಯ ಭಾವಚಿತ್ರವನ್ನೂ ಪಾಸ್‌ಪೋರ್ಟಿನ ವಿವರಪುಟದ ಪ್ರತಿಯನ್ನೂ ಅರ್ಜಿಯೊಡನೆ ಏರಿಸತಕ್ಕದ್ದು.

ಇನ್ನು ವಿಳಾಸದ ಮಾತು. ಭಾರತದಲ್ಲಿ ಪರಿಚಯಸ್ಥರು ಯಾರು, ಅವರ ವಿಳಾಸವೇನು ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಇಲ್ಲಿ ದಲ್ಲಾಳಿಗಳ ಒಂದು ದುರ್ಬೋಧೆಯ ಬಗ್ಗೆ ಎಚ್ಚರ ಹೇಳುವುದು ಅಗತ್ಯ. ‘ಹಳ್ಳಿಯ ಮನೆಯ ವಿಳಾಸ ಕೊಟ್ಟರೆ ಪೊಲೀಸಿನವರ ತಂಟೆ; ಮೈಸೂರಿನ ಯಾವುದಾದರೊಂದು ಹೋಟೆಲಿನ ಹೆಸರು ಬರೆದುಬಿಡಿ’ ಎಂಬ ಬಗೆಯ ಸಲಹೆಗೆ ಕಿವಿಗೊಡುವುದು ಬೆಂಕಿಗೆ ಸೆರಗೊಡ್ಡಿದಂತೆ. ಅಂಥ ಅರ್ಜಿ ಹಾಕಿದವರು ವಿಮಾನ ನಿಲ್ದಾಣದಲ್ಲಿ ‘ಎಲ್ಲಿ ಇಳಿದುಕೊಳ್ಳುವಿರಿ?’ ಎಂದು ಅಧಿಕಾರಿ ಕೇಳಿದಾಗ ಹೋಟೆಲಿನ ಹೆಸರು ಹೇಳಲಾರದೆ ತಡವರಿಸುತ್ತಾರೆ. ಮಗಳ ಮನೆಗೆ ಬರುವ ತಾಯಿ ಅಪರಾಧಿಯಂತೆ ನಿಲ್ಲಬೇಕಾಗುತ್ತದೆ. ಸತ್ಯವನ್ನು ಬರೆದಿದ್ದರೆ ಅದನ್ನು ನೆನಪಿಟ್ಟುಕೊಳ್ಳುವ ಶ್ರಮವೇ ಇರುತ್ತಿರಲಿಲ್ಲ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಹಲವಿರುವುದರಿಂದ ಮನೆ, ಬೀದಿ, ಗ್ರಾಮ, ಅಂಚೆ, ತಾಲ್ಲೂಕು, ಪಿನ್‌ಕೋಡು ಎಲ್ಲವನ್ನೂ ಕ್ರಮವಾಗಿ ಬರೆದು, ಬಂದೊಡನೆ ಕರೆ ಸ್ವೀಕರಿಸುವವರ ದೂರವಾಣಿ ಸಂಖ್ಯೆಯನ್ನು ಕೊಡುವುದು ಕ್ಷೇಮ.

ನಮ್ಮ ಕಡೆಯವರು ಸಾಮಾನ್ಯವಾಗಿ ಊಹಿಸದಿರುವ ಇನ್ನೊಂದು ಬಾಗಿಲಿದೆ; ಅದು ಇರುವುದು ಮನಿಲಾದಲ್ಲಿ. ಭಾರತದ ವೀಸಾ ಕೈಯಲ್ಲಿದ್ದ ಮಾತ್ರಕ್ಕೆ ಫಿಲಿಪೈನ್ಸ್ ಪ್ರಜೆಯು ತನ್ನ ದೇಶದಿಂದ ಹೊರಡಬಹುದೆಂದು ತಿಳಿಯಬಾರದು. ಕೆಲಸದ ಆಸೆ ತೋರಿಸಿ ಹೆಂಗಸರನ್ನು ಹೊರದೇಶಗಳಿಗೆ ಸಾಗಿಸುವ ದುಷ್ಟರ ಹಾವಳಿಯಿಂದ ನೊಂದ ಆ ದೇಶವು 2003ರಲ್ಲಿ ಮಾನವ ಸಾಗಣೆಯ ವಿರುದ್ಧ ಕಾಯಿದೆ ಮಾಡಿತು. ಪ್ರವಾಸಿಗಳೆಂದು ಹೊರಡುವವರನ್ನು ನಿಲ್ದಾಣದಲ್ಲಿ ಅಲ್ಲಿನ ವಲಸೆ ಅಧಿಕಾರಿಗಳು ವಿಚಾರಿಸುತ್ತಾರೆ. ಯಾರ ಮನೆಗೆ ಹೋಗುವಿರಿ, ಖರ್ಚು ಯಾರದು, ಹಿಂದಿರುಗುವ ಟಿಕೆಟು ಎಲ್ಲಿ ಎಂದು ಕೇಳುತ್ತಾರೆ. ಉತ್ತರ ಸಮರ್ಪಕವಲ್ಲವೆಂದು ತೋರಿದರೆ ವಿಮಾನ ಹತ್ತಗೊಡದೆ ಹಿಂದಕ್ಕೆ ಕಳುಹಿಸುವುದೂ ಉಂಟು. ಈ ಪರೀಕ್ಷೆಯ ನಿಯಮಗಳನ್ನು 2023ರಲ್ಲಿ ಇನ್ನಷ್ಟು ಬಿಗಿಗೊಳಿಸಲು ಹೊರಟಾಗ ಅಲ್ಲಿನ ಜನರೇ ಪ್ರತಿಭಟಿಸಿ, ಅವು ತಡೆಹಿಡಿಯಲ್ಪಟ್ಟುವು. ಹಾಗೆಂದು ವಿಚಾರಣೆಯೇ ನಿಂತಿತೆಂದಲ್ಲ. ಆದಕಾರಣ ಅಳಿಯನಾದವನು ಅತ್ತೆಯ ಕೈಗೆ ಆಮಂತ್ರಣ ಪತ್ರವನ್ನೂ, ಮಗಳ ಜನನ ಪತ್ರ ಮತ್ತು ವಿವಾಹ ಪತ್ರಗಳ ಪ್ರತಿಗಳನ್ನೂ, ವೆಚ್ಚವನ್ನು ತಾನು ಹೊರುವುದಾದರೆ ಹಾಗೆಂದು ಬರೆದ ಪತ್ರವನ್ನೂ, ಹಿಂದಿರುಗುವ ಟಿಕೆಟನ್ನೂ ಮುಂಚಿತವಾಗಿ ತಲಪಿಸಬೇಕು. ಬರುವವರಿಗೆ ಅಲ್ಲಿ ಉದ್ಯೋಗವಿದ್ದರೆ ರಜೆಯ ಪತ್ರವೂ ಜೊತೆಗಿರಲಿ. ಆಕೆಗೆ ಆಂಗ್ಲ ಭಾಷೆ ಬರುವುದು ಸಂಭವನೀಯ. ಆದರೆ ಕೃಷ್ಣರಾಜಪೇಟೆ ಎಲ್ಲಿದೆಯೆಂದು ಕೇಳಿದರೆ ಬೆಂಗಳೂರಿನಿಂದ ಎಷ್ಟು ದೂರವೆಂಬುದನ್ನಾದರೂ ಹೇಳಲು ತಿಳಿಸಿಕೊಟ್ಟಿರಬೇಕು.

ಬಂದಿಳಿದ ಮೇಲೆ ಹೊಣೆಯು ಮನೆಯ ಯಜಮಾನನ ಹೆಗಲಿಗೆ ಬರುತ್ತದೆ. 2025ರ ಅಕ್ಟೋಬರ್‌ನಿಂದ ಪರದೇಶದವರು ಬರುವ ಮುನ್ನ 72 ಗಂಟೆಗಳೊಳಗೆ ಇ-ಆಗಮನ ಪತ್ರವನ್ನು ಗಣಕಯಂತ್ರದ ಮೂಲಕ ತುಂಬುವ ಕ್ರಮ ಜಾರಿಗೆ ಬಂದಿತು. ನಿಲ್ದಾಣದಲ್ಲಿ ಬೆರಳ ಗುರುತು ತೆಗೆದುಕೊಂಡು ಮುದ್ರೆಯೊತ್ತುತ್ತಾರೆ. ಮನೆಗೆ ಬಂದ 24 ಗಂಟೆಗಳೊಳಗೆ, ತಮ್ಮಲ್ಲಿ ಪರದೇಶದವರು ಇಳಿದುಕೊಂಡಿದ್ದಾರೆಂದು ಅವರನ್ನು ಇರಿಸಿಕೊಂಡವರು ವಿದೇಶೀಯರ ನೋಂದಣಾಧಿಕಾರಿಗೆ ವರದಿ ಸಲ್ಲಿಸಬೇಕು. ಜನರು ‘ಸಿ ಫಾರಂ’ ಎಂದು ಕರೆದುಬಂದುದು ಇದನ್ನೇ. ಇದು ಹೋಟೆಲಿನವರಿಗೆ ಮಾತ್ರವೆಂಬುದು ತಪ್ಪು ಕಲ್ಪನೆ. ಸ್ವಂತ ಮನೆಯಲ್ಲಿ ಇರಿಸಿಕೊಂಡವರಿಗೂ ಇದೇ ವಿಧಿ. ಜಿಲ್ಲೆಗಳಲ್ಲಿ ಪೊಲೀಸ್ ಸೂಪರಿಂಟೆಂಡೆಂಟರೇ ಈ ನೋಂದಣಾಧಿಕಾರಿಗಳು. ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ ಇವುಗಳಲ್ಲಿ ಒಂದನ್ನಾಗಲಿ ಎರಡನ್ನೂ ಆಗಲಿ ವಿಧಿಸಬಹುದೆಂದು 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಹೇಳುತ್ತದೆ. ಆಷಾಢ ಕಳೆಯಲಿ, ಹಬ್ಬ ಮುಗಿಯಲಿ ಎಂದು ಬೀಗಿತ್ತಿಯನ್ನು ಪ್ರೀತಿಯಿಂದ ತಡೆಹಿಡಿಯುವ ನಮ್ಮ ಮನೆಗಳವರು ಇದನ್ನು ನೆನಪಿನಲ್ಲಿಡುವುದು ಒಳಿತು. ಕಾನೂನಿಗೆ ಪಂಚಾಂಗ ತಿಳಿಯದು.

ಇಂತಹ ಕಟ್ಟಳೆಗಳನ್ನು ನಾವು ದೂಷಿಸುವವರಲ್ಲ. ತನ್ನ ಮನೆಯೊಳಗೆ ಯಾರು ಬಂದರು, ಯಾರು ಹೋದರು ಎಂದು ಕೇಳುವ ಅಧಿಕಾರ ಸ್ವತಂತ್ರ ರಾಷ್ಟ್ರಕ್ಕೆ ಸಹಜವಾದುದು. ಅನ್ಯರ ಬಾಗಿಲಲ್ಲಿ ನಿಲ್ಲುವ ಅವಮಾನವೇನೆಂಬುದೂ ನಮ್ಮವರಿಗೆ ಗೊತ್ತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಕೆನಡಾಕ್ಕೆ ಹೋದ 376 ಮಂದಿ ಭಾರತೀಯರಲ್ಲಿ ಹೆಚ್ಚಿನವರನ್ನು ಎರಡು ತಿಂಗಳ ಕಾಲ ಬಂದರಿನಲ್ಲೇ ತಡೆದು ಹಿಂದಕ್ಕಟ್ಟಿದರು. ಹಳೆಯ ಮೈಸೂರು ಸಂಸ್ಥಾನದ ಪ್ರಜೆ ಹೊರದೇಶಕ್ಕೆ ಹೋಗಬೇಕಾದರೆ ‘ಬ್ರಿಟಿಷರ ರಕ್ಷಣೆಗೊಳಪಟ್ಟವನು’ ಎಂಬ ಹಣೆಪಟ್ಟಿ ಹೊತ್ತು ಹೋಗಬೇಕಾಗಿತ್ತು. 1920ರ ಪಾಸ್‌ಪೋರ್ಟ್ ಕಾಯಿದೆ, 1939ರ ವಿದೇಶೀಯರ ನೋಂದಣಿ ಕಾಯಿದೆ, 1946ರ ವಿದೇಶೀಯರ ಕಾಯಿದೆ ಇವೆಲ್ಲ ಪರಪ್ರಭುತ್ವದ ಕಾಲದಲ್ಲಿ ಹುಟ್ಟಿದವು. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ 2025ರ ಸೆಪ್ಟೆಂಬರ್ 1ರಿಂದ ಅವು ರದ್ದಾಗಿ, ನಮ್ಮ ಪಾರ್ಲಿಮೆಂಟು ಮಾಡಿದ ಹೊಸ ಕಾಯಿದೆ ಜಾರಿಗೆ ಬಂದಿತು. ಕಾಯಿದೆ ನಮ್ಮದಾಯಿತು. ಅದನ್ನು ಪಾಲಿಸಬೇಕಾದವರ ಭಾಷೆಯಲ್ಲಿ ತಿಳಿಯಹೇಳುವ ಕಾರ್ಯವೂ ಆದಾಗಲೇ ಅದು ನಿಜವಾಗಿ ನಮ್ಮದೆನಿಸೀತು.

ಇಲ್ಲಿಯೇ ನಾವು ಅಧಿಕಾರಿವರ್ಗದವರ ಗಮನವನ್ನು ಸೆಳೆಯಬಯಸುತ್ತೇವೆ. ದಿಲ್ಲಿಯವರು ಕೊಟ್ಟ ರಿಯಾಯಿತಿಯ ಫಲ ಯಾರಿಗೆ ಸೇರಬೇಕು? ತಿಳಿದ ಮನೆಗಳಿಗೆ ಅದು ಸುಲಭವಾಗಿ ಸೇರುತ್ತದೆ. ತಿಳಿಯದ ಮನೆಯ ಪಾಲಿಗೆ ಬರುವುದು ದಲ್ಲಾಳಿಯ ಬಿಲ್ಲು. ಸರ್ಕಾರದ ತಾಣವನ್ನೇ ಹೋಲುವ ಹೆಸರುಗಳನ್ನಿಟ್ಟುಕೊಂಡು ಹಣ ಕೀಳುವ ನಕಲಿ ಜಾಲತಾಣಗಳ ವಿಷಯದಲ್ಲಿ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ. ನಿಜವಾದ ತಾಣದ ಹೆಸರು ‘ಇಂಡಿಯನ್ ವೀಸಾ ಆನ್‌ಲೈನ್’ ಎಂದಿದ್ದು, ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಂಬ ಒಂದು ಮಾತು ತಿಳಿದಿದ್ದರೆ ಎಷ್ಟೋ ಮನೆಗಳ ಹಣ ಉಳಿದೀತು. ಮಂಡ್ಯದ ಪೊಲೀಸ್ ಕಚೇರಿಯವರೂ ಪಾಂಡವಪುರದ ಉಪವಿಭಾಗಾಧಿಕಾರಿಗಳೂ ಸೇರಿ ಕನ್ನಡದಲ್ಲಿ ಒಂದೇ ಒಂದು ಹಾಳೆಯನ್ನು ಅಚ್ಚುಹಾಕಿಸಿ, ನಾಲ್ಕು ತಾಲ್ಲೂಕು ಕಚೇರಿಗಳಲ್ಲಿಯೂ ಪೊಲೀಸ್ ಠಾಣೆಗಳಲ್ಲಿಯೂ ಗ್ರಾಮ ಒನ್ ಕೇಂದ್ರಗಳಲ್ಲಿಯೂ ವಿವಾಹ ನೋಂದಣಿ ಮಾಡುವ ಉಪನೋಂದಣಾಧಿಕಾರಿಗಳಲ್ಲಿಯೂ ಇರಿಸಿದರೆ ಸಾಕು. ಯಾವ ವೀಸಾ, ಯಾವ ಕಾಗದ, ಯಾರಿಗೆ ವರದಿ, ಎಷ್ಟು ಗಂಟೆಯೊಳಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರಲಿ. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಹುದ್ದೆ ಬೇಡ. ಒಂದು ರೀಮು ಕಾಗದವೂ ಒಂದಿಷ್ಟು ಸದಿಚ್ಛೆಯೂ ಸಾಕು. ವರದಿ ಕೊಡಲು ತಾವಾಗಿ ಬಂದ ಗೃಹಸ್ಥನನ್ನು ಠಾಣೆಯಲ್ಲಿ ಸಂಶಯದ ದೃಷ್ಟಿಯಿಂದ ನೋಡದೆ, ಕುರ್ಚಿ ಕೊಟ್ಟು ಕೂರಿಸಿ, ಕೆಲಸ ತೀರಿಸಿ ಕಳುಹಿಸುವುದೂ ಅಷ್ಟೇ ಮುಖ್ಯ. ಒಂದು ಸಾರಿ ಹೆದರಿಸಲ್ಪಟ್ಟವನು ಮುಂದಿನ ಸಾರಿ ವರದಿಯನ್ನೇ ಕೊಡಲಾರ. ಇದರಿಂದ ನಷ್ಟವಾಗುವುದು ಸರ್ಕಾರಕ್ಕೇ.

ನಮ್ಮ ಗೃಹಸ್ಥರಿಗೂ ಒಂದು ಮಾತು. ಕಡಲಾಚೆಯಿಂದ ಸೊಸೆ ಬಂದಾಗ ‘ಯಾವ ದೇಶದವಳೋ, ಯಾವ ಜಾತಿಯವಳೋ’ ಎಂದು ಪಿಸುಗುಟ್ಟುವ ಹತ್ತು ಬಾಯಿಗಳಿದ್ದರೂ, ಆಕೆಯ ತಾಯಿಗೆ ಒಂದು ಅರ್ಜಿ ತುಂಬಿಸಿಕೊಡುವ ಎರಡು ಕೈಗಳು ಸಿಕ್ಕುವುದು ದುರ್ಲಭ. ಹೊರದೇಶದಲ್ಲಿ ನಮ್ಮ ಹುಡುಗನಿಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟವಳು, ಇಲ್ಲಿ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಮುಖ ಕಾಣದೆ ಕಣ್ಣೀರಿಡುವಂತಾದರೆ ಅದು ಆ ಮನೆಗೆ ಮಾತ್ರವಲ್ಲ, ಊರಿಗೇ ಶೋಭೆಯಲ್ಲ. ಓದುಬರಹ ಬಲ್ಲ ಪಟ್ಟಣವಾಸಿಗಳು, ನಿವೃತ್ತ ಅಧಿಕಾರಿಗಳು, ಉಪಾಧ್ಯಾಯರು ಇಂತಹ ಮನೆಗಳಿಗೆ ಅರ್ಧ ದಿನದ ನೆರವು ಕೊಟ್ಟರೆ ದಲ್ಲಾಳಿಯ ಅಂಗಡಿ ತಾನಾಗಿಯೇ ಮುಚ್ಚುತ್ತದೆ. ಇದ್ದುದನ್ನು ಇದ್ದಂತೆ ಬರೆಯಿರಿ, ಬೇಕಾದಷ್ಟು ದಿನಗಳಿಗೆ ಮುಂಚಿತವಾಗಿ ಬರೆಯಿರಿ, ಬಂದವರ ವಿಷಯವನ್ನು ತಡಮಾಡದೆ ತಿಳಿಸಿರಿ, ಹೊತ್ತಿಗೆ ಸರಿಯಾಗಿ ಗೌರವದಿಂದ ಬೀಳ್ಕೊಡಿರಿ. ವಿಧಿಯ ಸಾರವೆಲ್ಲ ಇಷ್ಟೇ. ಎರಡು ಸರ್ಕಾರಗಳು ಕೂಡಿ ತೆರೆದ ಬಾಗಿಲಿಗೆ ನಮ್ಮ ಅಜ್ಞಾನವೇ ಅಗುಳಿಯಾಗಬಾರದು. ಸಂಬಂಧಪಟ್ಟ ಅಧಿಕಾರಿಗಳು ಈ ಸೂಚನೆಯನ್ನು ಪರಿಶೀಲಿಸಿ ಶೀಘ್ರವಾಗಿ ಕಾರ್ಯೋನ್ಮುಖರಾಗುವರೆಂದು ನಂಬಿದ್ದೇವೆ.